ಎರಡು ಕೋಣೆಯ ನಮಗೂ ಇಪ್ಪತ್ತು ಕಾಟೇಜಿನವರಿಗೂ ಒಂದೇ ಸಂಘವೇ?

ಡಿಗ್ರಿ ಮುಗಿಸಿ ಮನೆಯಲ್ಲಿ ಕುಳಿತವರಿಗೆ ಊರಿನಲ್ಲಿ ಒಂದು ಕಾಯಂ ನೌಕರಿ ಇರುತ್ತದೆ: ಅರ್ಜಿ ಬರೆದುಕೊಡುವುದು. ನಾನು ಬಿ.ಕಾಂ. ಮುಗಿಸಿ ಎರಡು ವರ್ಷವಾಯಿತು. ಎಫ್‌ಡಿಎ, ಪಿಡಿಒ, ಬ್ಯಾಂಕು, ಕರೆದ ಪರೀಕ್ಷೆಗೆಲ್ಲ ಓದುತ್ತಿದ್ದೇನೆ. ಈ ಮಧ್ಯೆ ಊರಿನ ಪಿಂಚಣಿ ಅರ್ಜಿ, ರೇಷನ್ ಕಾರ್ಡ್ ತಿದ್ದುಪಡಿ, ಬೆಳೆ ವಿಮೆ ಎಲ್ಲಕ್ಕೂ ನಾನೇ ಗುಮಾಸ್ತೆ. ಹಾಗಾಗಿ ನಮ್ಮ ಸುತ್ತಮುತ್ತಲಿನ ಹೋಂಸ್ಟೇ, ಗೆಸ್ಟ್‌ಹೌಸ್ ನಡೆಸುವವರು ಸಂಘ ಕಟ್ಟಲು ಸಭೆ ಕರೆದಾಗ ಅಪ್ಪ ನನ್ನನ್ನೂ ಎಬ್ಬಿಸಿಕೊಂಡು ಹೊರಟರು. "ನಡಿಯವ್ವ, ಅಲ್ಲಿ ಬರಕೊಳ್ಳಾಕ ಒಬ್ರು ಬೇಕಂತ" ಎಂದರು. ಹೋದೆ, ಬರೆದುಕೊಂಡೆ. ಬರೆದುಕೊಂಡದ್ದನ್ನು ರಾತ್ರಿ ಮನೆಯಲ್ಲಿ ಓದಿದಾಗ ನಿದ್ದೆ ಬರಲಿಲ್ಲ. ಅದಕ್ಕೇ ಈ ಪತ್ರ.

ನಮ್ಮದು ಗಂಗಾವತಿ ತಾಲ್ಲೂಕಿನ ಆನೆಗೊಂದಿ ಸೀಮೆ. ತುಂಗಭದ್ರೆಯ ಆ ದಂಡೆಗೆ ಹಂಪಿ, ಈ ದಂಡೆಗೆ ನಾವು. ಜಿಲ್ಲೆ ಬೇರೆ, ಬಂಡೆ ಒಂದೇ. ನಮ್ಮ ಮನೆಯ ಹಿಂಭಾಗದಲ್ಲಿ ಎರಡು ಕೋಣೆಗಳಿವೆ. ಒಂದರಲ್ಲಿ ಮೊದಲು ಭತ್ತದ ಚೀಲ ಇಡುತ್ತಿದ್ದೆವು, ಇನ್ನೊಂದು ಅಜ್ಜಿಯದು. 2021ರಿಂದ ಅವೆರಡನ್ನೂ ಪ್ರವಾಸಿಗರಿಗೆ ಕೊಡುತ್ತಿದ್ದೇವೆ. ಬಂಡೆ ಹತ್ತುವ ಹುಡುಗರು, ಸೈಕಲ್ಲಿನಲ್ಲಿ ಅಲೆಯುವ ವಿದೇಶಿಯರು, ವಾರಾಂತ್ಯಕ್ಕೆ ಬೆಂಗಳೂರು, ಹೈದರಾಬಾದಿನ ಐಟಿ ಮಂದಿ, ಅಂಜನಾದ್ರಿಗೆ ಬರುವ ಭಕ್ತರು ಹೀಗೆ ಎಲ್ಲ ತರಹದವರೂ ಬರುತ್ತಾರೆ. ರಾತ್ರಿಗೆ 800 ರೂಪಾಯಿ. ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿಯ ಊಟಕ್ಕೆ ಬೇರೆ. ನನ್ನ ಕೊನೆಯ ವರ್ಷದ ಕಾಲೇಜು ಫೀ, ತಮ್ಮನ ಐಟಿಐ, ಅವ್ವನ ಕಣ್ಣಿನ ಆಪರೇಷನ್ ಎಲ್ಲವೂ ಆ ಎರಡು ಕೋಣೆಗಳ ದುಡಿಮೆಯಲ್ಲೇ ಆದವು. ಬೇಸಿಗೆಯಲ್ಲಿ ಬಂಡೆಗಳು ಕಾದು ಹಂಚಾದಾಗ ಯಾರೂ ಬರುವುದಿಲ್ಲ. ಆಗ ಅಜ್ಜಿಯ ಕೋಣೆ ನನ್ನ ಸ್ಟಡಿ ರೂಮ್.

ಸಭೆಗೆ ನಲವತ್ತು ಜನ ಬಂದಿದ್ದರು. ಮುಂದಿನ ಸಾಲಿನ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಗದ್ದೆಗಳನ್ನು ಲೀಸಿಗೆ ಪಡೆದು ಕಾಟೇಜು ಹಾಕಿದವರು. ಅವರಲ್ಲಿ ಕೆಲವರು ನಮ್ಮೂರಿನವರೇ, ಕೆಲವರು ಬೇರೆ ಊರಿನಿಂದ ದುಡ್ಡು ತಂದವರು. ಹಿಂದೆ ಚಾಪೆಯ ಮೇಲೆ ನಮ್ಮಂಥವರು: ಒಂದು ಕೋಣೆ, ಎರಡು ಕೋಣೆ, ಮಹಡಿಯ ಮೇಲೊಂದು ಶೀಟಿನ ಶೆಡ್ಡು. ಎಲ್ಲರ ಬೋರ್ಡಿನ ಮೇಲೂ ಇರುವ ಪದ ಒಂದೇ, ಹೋಂಸ್ಟೇ. "ನಿಯಮದ ಹೆಸರಿನಾಗ ನಮ್ಮ ಹೊಟ್ಟಿ ಮ್ಯಾಲ ಹೊಡಿಯಾಕ ಹತ್ಯಾರ. ಸಣ್ಣವ್ರು ದೊಡ್ಡವ್ರು ಅನ್ನೂದು ಬ್ಯಾಡ. ನಾವೆಲ್ಲ ಒಂದ" ಎಂದು ಮುಂದಿನ ಸಾಲಿನಿಂದ ಒಬ್ಬರು ಎದ್ದು ಹೇಳಿದರು. ಚಪ್ಪಾಳೆ ಬಿತ್ತು. ವಕೀಲರ ಖರ್ಚು ಪೂರ್ತಿ ತಾವೇ ಹಾಕುತ್ತೇವೆ, ಯಾರೂ ಒಂದು ರೂಪಾಯಿ ಕೊಡಬೇಕಿಲ್ಲ, ಎಲ್ಲರೂ ಆಧಾರ್ ಜೆರಾಕ್ಸ್ ಮತ್ತು ಸಹಿ ಕೊಟ್ಟರೆ ಸಾಕು ಎಂದರು. ಮತ್ತೆ ಚಪ್ಪಾಳೆ. ಅವರೇ ಅಧ್ಯಕ್ಷರಾಗಲಿ ಎಂದು ಚಾಪೆಯ ಮೇಲಿನಿಂದಲೇ ಕೂಗು ಬಂತು. ನಾನು ಬರೆದುಕೊಂಡೆ. ಊಟಕ್ಕೆ ಒಗ್ಗರಣೆ, ಮಿರ್ಚಿ ಇತ್ತು. ಅದನ್ನು ಮಾತ್ರ ಬರೆದುಕೊಳ್ಳಲಿಲ್ಲ.

ಸಂಘ ಬೇಕೇ ಬೇಕು ಎನ್ನುವವಳು ನಾನು. ಅದಕ್ಕೆ ಕಾರಣವನ್ನು ನಮ್ಮ ಮನೆಯ ಸೂರೇ ಹೇಳುತ್ತದೆ. ಮೂರು ವರ್ಷದ ಹಿಂದೆ ಮಳೆಗಾಲದಲ್ಲಿ ಭತ್ತದ ಕೋಣೆಯ ಮಾಳಿಗೆ ಸೋರತೊಡಗಿತು. ನಮ್ಮ ಸೀಮೆಯಲ್ಲಿ ಮನೆ ಕಟ್ಟುವುದಕ್ಕಷ್ಟೇ ಅಲ್ಲ, ದುರಸ್ತಿಗೂ ಅನುಮತಿ ಬೇಕು. ಅಪ್ಪ ಅರ್ಜಿ ಹಿಡಿದು ಸಂಬಂಧಪಟ್ಟ ಕಚೇರಿಗೆ ಮೂರು ಸಲ ಹೋದರು. ಮೊದಲ ಸಲ ಇ-ಸ್ವತ್ತು ನಕಲು ಬೇಕು ಎಂದರು. ಎರಡನೇ ಸಲ ಮನೆಯ ನಕ್ಷೆ ಬೇಕು ಎಂದರು. ಅಜ್ಜನ ಅಜ್ಜ ಕಟ್ಟಿದ ಮನೆಗೆ ನಕ್ಷೆ ಎಲ್ಲಿಂದ ತರುವುದು? ಮೂರನೇ ಸಲ ಸಾಹೇಬರು ಮೀಟಿಂಗಿನಲ್ಲಿದ್ದರು. ಆಗುವುದಿಲ್ಲ ಎಂದು ಬರೆದೂ ಕೊಡಲಿಲ್ಲ, ಆಗುತ್ತದೆ ಎಂದೂ ಹೇಳಲಿಲ್ಲ. ಕೊನೆಗೆ ಮಾಳಿಗೆಯ ಮೇಲೆ ನೀಲಿ ತಾಡಪಾಲು ಹೊದಿಸಿ ಆ ವರ್ಷ ಕಳೆದೆವು. ಫೋಟೊ ಚೆನ್ನಾಗಿ ಬರುವುದಿಲ್ಲವೆಂದು ಎರಡು ಬುಕಿಂಗ್ ರದ್ದಾದವು. ಒಬ್ಬ ಮನುಷ್ಯ ಕೌಂಟರಿನ ಮುಂದೆ ನಿಂತರೆ ಅವನು ಬರೀ ಒಂದು ಅರ್ಜಿ. ನಲವತ್ತು ಮಂದಿ ನಿಂತರೆ ಅದೊಂದು ವಿಷಯವಾಗುತ್ತದೆ. ಇಷ್ಟರ ಮಟ್ಟಿಗೆ ಮುಂದಿನ ಸಾಲಿನವರ ಮಾತಿಗೆ ನನ್ನ ಚಪ್ಪಾಳೆಯೂ ಇದೆ.

ಆದರೆ ಸಂಘ ಕಟ್ಟಿ ಕೋರ್ಟಿಗೆ ಹೋಗುವುದು ನಮ್ಮ ದಂಡೆಗೆ ಹೊಸತಲ್ಲ. ವಿರುಪಾಪುರ ಗಡ್ಡಿಯ ಕಥೆ ನಿಮಗೆ ಗೊತ್ತಿರಬಹುದು, ಗೊತ್ತಿಲ್ಲದಿದ್ದರೆ ಹೇಳುತ್ತೇನೆ. ವಿರೂಪಾಕ್ಷ ಗುಡಿಯ ಎದುರು ದಂಡೆಗೆ ನದಿ ಸುತ್ತುವರಿದ ಜಾಗ ಅದು. ಗದ್ದೆ, ತೆಂಗು, ಬಾಳೆ, ನಡುವೆ ಸಾಲು ಸಾಲು ಗೆಸ್ಟ್‌ಹೌಸ್. 'ಹಿಪ್ಪಿ ಐಲ್ಯಾಂಡ್' ಎಂದು ಗೈಡ್ ಪುಸ್ತಕಗಳಲ್ಲಿ ಹೆಸರು. ನಮ್ಮಪ್ಪ ಅಲ್ಲಿ ಹನ್ನೊಂದು ವರ್ಷ ಅಡುಗೆಯವರಾಗಿದ್ದರು. ಓದಿದ್ದು ನಾಲ್ಕನೇ ತರಗತಿ, ಆದರೆ ಇಸ್ರೇಲಿನ ಹುಡುಗರಿಗೆ ಶಕ್ಷೂಕಾ ಮಾಡಿ ಬಡಿಸಿ ಅವರ ಭಾಷೆಯಲ್ಲೇ 'ಇನ್ನಷ್ಟು ಬೇಕಾ' ಎಂದು ಕೇಳುತ್ತಿದ್ದರು. 2019ರ ಆಗಸ್ಟಿನಲ್ಲಿ ನದಿ ಉಕ್ಕಿ ಗಡ್ಡಿಯಲ್ಲಿ ನೂರಾರು ಪ್ರವಾಸಿಗರು ಸಿಕ್ಕಿಬಿದ್ದು, ದೋಣಿ, ಹೆಲಿಕಾಪ್ಟರುಗಳಲ್ಲಿ ಹೊರತಂದದ್ದನ್ನು ಟಿ.ವಿ.ಯಲ್ಲಿ ನೋಡಿರುತ್ತೀರಿ. ಆಗ ಅಪ್ಪ ಮನೆಗೆ ಬಂದದ್ದು ಮೂರು ದಿನದ ಮೇಲೆ.

ಗಡ್ಡಿಯವರು ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರದ ತೆರವು ಆದೇಶದ ವಿರುದ್ಧ ವರ್ಷಗಟ್ಟಲೆ ಹೋರಾಡಿದರು. 2015ರಲ್ಲಿ ಹೈಕೋರ್ಟಿನಲ್ಲಿ ಸೋತರು. ಸುಪ್ರೀಂ ಕೋರ್ಟಿಗೆ ಹೋದರು. 2020ರ ಫೆಬ್ರುವರಿ 11ರಂದು ಅಲ್ಲಿಯೂ ಸೋತರು. ಮುಂದಿನ ತಿಂಗಳು ಜೆಸಿಬಿಗಳು ಬಂದವು. ಅದೇ ತಿಂಗಳ ಕೊನೆಗೆ ಲಾಕ್‌ಡೌನ್. ಕೆಲಸ ಹೋದವರಿಗೆ ಬೇರೆ ಕೆಲಸ ಹುಡುಕಲು ಮನೆಯಿಂದ ಹೊರಬೀಳುವ ಹಾಗೂ ಇರಲಿಲ್ಲ. ನಮ್ಮ ಎರಡು ಕೋಣೆಯ ಯೋಚನೆ ಹುಟ್ಟಿದ್ದು ಆ ಮನೆಯೊಳಗಿನ ದಿನಗಳಲ್ಲಿ.

ಪರೀಕ್ಷೆಗೆ ಓದುತ್ತಾ ಓದುತ್ತಾ ಆ ತೀರ್ಪನ್ನೂ ಒಂದು ದಿನ ಡೌನ್‌ಲೋಡ್ ಮಾಡಿ ಓದಿದೆ. ಇಂಗ್ಲಿಷ್ ಕಷ್ಟವಾಯಿತು, ಪದಕೋಶ ಪಕ್ಕಕ್ಕಿಟ್ಟುಕೊಂಡೆ. ಗೆಸ್ಟ್‌ಹೌಸ್‌ನವರ ವಾದದ ತಿರುಳು ಇಷ್ಟು: 1988ರ ಅಧಿಸೂಚನೆ ಸ್ಮಾರಕಗಳನ್ನು ರಕ್ಷಿಸಿತೇ ಹೊರತು ನಮ್ಮ ಪಟ್ಟಾ ಜಮೀನನ್ನಲ್ಲ. ಕೋರ್ಟು ಒಪ್ಪಲಿಲ್ಲ. ಗಡ್ಡಿಯೂ ರಕ್ಷಿತ ಪ್ರದೇಶದೊಳಗೇ ಬರುತ್ತದೆ, ರಾಜ್ಯದ 1961ರ ಪ್ರಾಚೀನ ಸ್ಮಾರಕಗಳ ಕಾಯ್ದೆಯ ಪ್ರಕಾರ ಅಲ್ಲಿ ಅನುಮತಿ ಇಲ್ಲದೆ ಕಟ್ಟುವಂತಿಲ್ಲ ಎಂದಿತು. ಹೊಟ್ಟೆಪಾಡು ಎಂಬ ಮಾತಿಗೆ ಕಾಗದದ ಆಧಾರವಿರಲಿಲ್ಲ. ಇಷ್ಟು ವರ್ಷದಿಂದ ನಡೆಸುತ್ತಿದ್ದೇವೆ, ಯಾರೂ ಕೇಳಲಿಲ್ಲ ಎನ್ನುವುದು ಅನುಮತಿ ಆಗುವುದಿಲ್ಲ. ಹಂಪಿ ಬಜಾರಿನ ಸಾಲುಮಂಟಪಗಳಲ್ಲಿ ಅಂಗಡಿ, ಮನೆ ಮಾಡಿಕೊಂಡಿದ್ದವರೂ 2011ರ ಜುಲೈನಲ್ಲಿ ಇದನ್ನೇ ಕಲಿತರು. ಬೆಳಗಾಗುವುದರೊಳಗೆ ಬುಲ್ಡೋಜರ್ ಬಾಗಿಲಲ್ಲಿತ್ತು. ಪುನರ್ವಸತಿಯ ಜಾಗ, ಪರಿಹಾರದ ಮಾತುಗಳೆಲ್ಲ ಅದರ ಹಿಂದೆ ನಿಧಾನವಾಗಿ ಬಂದವು.

ಇದನ್ನು ಅಪ್ಪನಿಗೆ ಓದಿ ಹೇಳಿದಾಗ ಅವರು ಸಿಟ್ಟಾಗಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಲ್ಲಿ ಬಂಡಿ ಒಡದು ರೂಮು ಕಟ್ಟಿದ್ದು ಖರೇನ ಐತಿ" ಎಂದರು. ಈ ಮಾತು ಸಭೆಯಲ್ಲಿ ಯಾರೂ ಆಡಲಿಲ್ಲ. ಅದಕ್ಕೇ ಇಲ್ಲಿ ಆಡುತ್ತಿದ್ದೇನೆ. ನಮ್ಮ ಊರಿಗೆ ಜನ ಬರುವುದು ನಮ್ಮ ಎಣ್ಣೆಗಾಯಿ ತಿನ್ನಲು ಅಲ್ಲ. ಈ ಬಂಡೆ, ಈ ಗದ್ದೆ, ಈ ನದಿ, ಈ ಕಲ್ಲುಮಂಟಪಗಳಿಗಾಗಿ. 1986ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಹಂಪಿ, 1999ರಿಂದ 2006ರವರೆಗೆ 'ಅಪಾಯದಲ್ಲಿರುವ ತಾಣ'ಗಳ ಪಟ್ಟಿಯಲ್ಲಿತ್ತು. ಅದಕ್ಕೆ ಒಂದು ಮುಖ್ಯ ಕಾರಣ ನಮ್ಮ ಆನೆಗೊಂದಿಯ ಹತ್ತಿರ ಕಟ್ಟಲು ಹೊರಟ ಸೇತುವೆ. ಆ ಸೇತುವೆ ಮುಂದೆ 2009ರಲ್ಲಿ ಕಟ್ಟುವಾಗಲೇ ಕುಸಿದು ಕಾರ್ಮಿಕರು ಸತ್ತರು. ನಮ್ಮ ಹಿರಿಯರು ಇವತ್ತಿಗೂ ಅದನ್ನು ಎರಡು ರೀತಿ ಹೇಳುತ್ತಾರೆ. ಸೇತುವೆ ತಡೆದು ನಮ್ಮನ್ನು ಹಿಂದಿಟ್ಟರು ಎನ್ನುವವರಿದ್ದಾರೆ, ಒಳ್ಳೆಯದೇ ಆಯಿತು ಎನ್ನುವವರೂ ಇದ್ದಾರೆ. ಕಲ್ಲಿಗೆ ಇರುವ ಬೆಲೆ ಮನುಷ್ಯನಿಗಿಲ್ಲವೇ ಎಂಬ ಪ್ರಶ್ನೆ ನಮ್ಮ ಕಡೆ ಬಹಳ ಹಳೆಯದು. ಆದರೆ ಕಲ್ಲಿಗೆ ಬೆಲೆ ಇರುವುದರಿಂದಲೇ ನಮ್ಮ ಕೋಣೆಗೆ 800 ರೂಪಾಯಿ ಎಂಬುದನ್ನೂ ಮರೆಯುವ ಹಾಗಿಲ್ಲ.

ಇನ್ನೊಂದು ಮಾತೂ ಸಭೆಯಲ್ಲಿ ಬರಲಿಲ್ಲ. 2025ರ ಮಾರ್ಚ್‌ನಲ್ಲಿ ಸಾಣಾಪುರದ ಕಾಲುವೆಯ ಬಳಿ ಒಂದು ರಾತ್ರಿ ನಡೆದ ಘೋರ ಅಪರಾಧ ದೇಶಕ್ಕೆಲ್ಲ ಗೊತ್ತು. ಬಂದ ಅತಿಥಿಯ ಮೇಲೆ, ಅತಿಥಿಯನ್ನು ಕರೆದುಕೊಂಡು ಹೋದವರ ಮೇಲೆ ದೌರ್ಜನ್ಯ ನಡೆಯಿತು. ಒಬ್ಬ ಯುವಕ ನೀರಿನಲ್ಲಿ ಪ್ರಾಣ ಕಳೆದುಕೊಂಡ. ಅನುಮತಿ ಇಲ್ಲದ ರೆಸಾರ್ಟ್, ಹೋಂಸ್ಟೇಗಳ ಮೇಲೆ ಕ್ರಮ ಬಿಗಿಯಾದದ್ದು ಅದರ ನಂತರವೇ. ತಪ್ಪು ಮಾಡಿದವರು ಯಾರೋ, ಬಾಗಿಲು ಮುಚ್ಚಿಸುವುದು ನಮ್ಮದು ಎಂದು ಊರಲ್ಲಿ ಗೊಣಗಾಟವಿದೆ. ನಾನು ಆ ಗೊಣಗಾಟ ಸೇರಲಾರೆ. ನಮ್ಮ ಮನೆಗೆ ಒಬ್ಬಂಟಿ ಹೆಣ್ಣುಮಕ್ಕಳೂ ಬಂದು ಇಳಿಯುತ್ತಾರೆ. ರಾತ್ರಿ ಹತ್ತಾದರೂ ಬರದಿದ್ದರೆ ಅವ್ವ ಕಟ್ಟೆಯ ಮೇಲೆ ಕುಳಿತು ಕಾಯುತ್ತಾಳೆ. ಅವಳಿಗೆ ಇಂಗ್ಲಿಷ್ ಬರುವುದಿಲ್ಲ, ಬೈಯಲು ಬೇಕಾಗಿಯೂ ಇಲ್ಲ. ಆದರೆ ಮಾಲೀಕರೇ ಇಲ್ಲದ, ಮ್ಯಾನೇಜರು ಏಳು ಗಂಟೆಗೆ ಬೀಗ ಕೊಟ್ಟು ಮನೆಗೆ ಹೋಗುವ ಇಪ್ಪತ್ತು ಕಾಟೇಜಿನ ಜಾಗದಲ್ಲಿ ಯಾರು ಕಾಯುತ್ತಾರೆ?

ನನ್ನ ವಾದವೆಲ್ಲ ಈ ಒಂದು ಪ್ರಶ್ನೆಯ ಸುತ್ತ ನಿಂತಿದೆ. ಹೋಂಸ್ಟೇ ಎಂದರೆ ಮನೆಯವರು ಇರುವ ಮನೆ. ಸರ್ಕಾರದ ವ್ಯಾಖ್ಯೆಯ ಜೀವವೂ ಅಲ್ಲೇ ಇದೆ: ಮಾಲೀಕರು ಅಲ್ಲೇ ವಾಸವಿರಬೇಕು, ಕೊಠಡಿಗಳು ಬೆರಳೆಣಿಕೆಯಷ್ಟಿರಬೇಕು. ಗದ್ದೆಯ ನಡುವೆ ಹುಲ್ಲಿನ ಚಾವಣಿ ಹಾಕಿ, ಈಜುಕೊಳ ತೋಡಿ, ಸಂಜೆ ಡಿ.ಜೆ. ಹಚ್ಚಿದರೆ ಅದಕ್ಕೆ ಬೇರೆ ಹೆಸರಿದೆ, ಬೇರೆ ಲೈಸೆನ್ಸ್ ಇದೆ. ಕೃಷಿ ಭೂಮಿಯಾದರೆ ಭೂ ಕಂದಾಯ ಕಾಯ್ದೆಯ 95ನೇ ಕಲಮಿನಡಿ ಪರಿವರ್ತನೆ ಬೇಕು. ಅವರು ದುಡಿಯಬಾರದು ಎಂದು ನಾನು ಹೇಳುತ್ತಿಲ್ಲ. ಅಲ್ಲಿ ನಮ್ಮೂರಿನ ಹುಡುಗರಿಗೆ ಕೆಲಸ ಸಿಕ್ಕಿದೆ, ಸೀಸನ್ನಿನಲ್ಲಿ ಅಪ್ಪನೂ ಅಂಥ ಒಂದು ಕಡೆ ಅಡುಗೆಗೆ ಹೋಗುತ್ತಾರೆ. ಅವರ ವ್ಯಾಜ್ಯ ಬೇರೆ, ನಮ್ಮದು ಬೇರೆ ಎನ್ನುತ್ತಿದ್ದೇನೆ ಅಷ್ಟೆ. ಅವರ ಕೇಸಿಗೆ ನಮ್ಮ ಆಧಾರ್ ಜೆರಾಕ್ಸ್ ಯಾಕೆ ಬೇಕು ಎಂದು ಯೋಚಿಸಿ. ನ್ಯಾಯಾಧೀಶರ ಮುಂದೆ 'ಬಡ ಮನೆಯವರ ಹೊಟ್ಟೆಪಾಡು' ಎನ್ನಲು ನಾವು ಬೇಕು. ಗೆದ್ದರೆ ಕಾಟೇಜು ಉಳಿಯುತ್ತದೆ. ಸೋತರೆ ಅವರ ಜೊತೆ ನಮ್ಮ ಹೆಸರೂ ಪಟ್ಟಿಯಲ್ಲಿರುತ್ತದೆ, ಅಜ್ಜಿಯ ಕೋಣೆಗೂ ನೋಟಿಸು ಬರುತ್ತದೆ.

ಇದು ನಮ್ಮೂರಿನ ಹಳವಂಡ ಮಾತ್ರವಲ್ಲ. 2015ರಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ನಗರದಲ್ಲಿ ಇಂಥ ಬಾಡಿಗೆಗಳನ್ನು ವರ್ಷಕ್ಕೆ 75 ರಾತ್ರಿಗಳಿಗೆ ಮಿತಿಗೊಳಿಸುವ ಪ್ರಸ್ತಾವವನ್ನು ಜನಮತಕ್ಕೆ ಹಾಕಿದರು. ಅದರ ವಿರುದ್ಧ ಏರ್‌ಬಿಎನ್‌ಬಿ ಕಂಪನಿಯೊಂದೇ 80 ಲಕ್ಷ ಡಾಲರಿಗೂ ಹೆಚ್ಚು ಖರ್ಚು ಮಾಡಿತು. ಪ್ರಚಾರದಲ್ಲಿ ಮುಂದೆ ನಿಂತ ಮುಖಗಳು ಮನೆಯ ಒಂದು ಕೋಣೆ ಬಾಡಿಗೆಗೆ ಕೊಟ್ಟು ಬದುಕುವವರದು. ಪ್ರಸ್ತಾವ ಬಿದ್ದುಹೋಯಿತು. ನ್ಯೂಯಾರ್ಕಿನಲ್ಲಿ ಹಾಗಾಗಲಿಲ್ಲ. ಅಲ್ಲಿ 2023ರ ಸೆಪ್ಟೆಂಬರಿನಿಂದ ಕಟ್ಟುನಿಟ್ಟಾದ ಕಾನೂನು ಬಂತು: 30 ದಿನಕ್ಕಿಂತ ಕಡಿಮೆ ಅವಧಿಗೆ ಕೊಡುವುದಾದರೆ ನೋಂದಣಿ ಬೇಕು, ಮನೆಯವರು ಅಲ್ಲೇ ಇರಬೇಕು, ಇಬ್ಬರಿಗಿಂತ ಹೆಚ್ಚು ಅತಿಥಿಗಳಿಗೆ ಕೊಡುವಂತಿಲ್ಲ. ಕಂಪನಿ ಕೋರ್ಟಿಗೆ ಹೋಗಿ ಸೋತಿತು. ಆಗ ಒಂದೆರಡು ಕುಟುಂಬ ವಾಸಿಸುವ ಸಣ್ಣ ಮನೆಗಳ ಮಾಲೀಕರು ತಾವೇ ಬೇರೆಯಾಗಿ ಸಂಘಟಿತರಾದರು. ಅಪಾರ್ಟ್‌ಮೆಂಟುಗಳನ್ನು ಹಿಡಿಗಟ್ಟಲೆ ಹಿಡಿದು ಹೋಟೆಲಿನಂತೆ ನಡೆಸುವವರು ಬೇರೆ, ನಾವು ಬೇರೆ, ನಿಯಮದಲ್ಲಿ ನಮಗೆ ಬೇರೆ ಕಲಮು ಕೊಡಿ ಎಂಬುದು ಅವರ ಬೇಡಿಕೆ. ಅವರಿಗೆ ಅದು ಇನ್ನೂ ಸಿಕ್ಕಿಲ್ಲದಿದ್ದರೂ ಬೇಡಿಕೆಯಂತೂ ಸರಿಯಾಗಿದೆ ಎನಿಸಿತು. ಅಲ್ಲಿನ ಊರುಗಳಲ್ಲಿ ನಿಯಮಕ್ಕೆ ಕಾರಣ ಮನೆ ಬಾಡಿಗೆಯ ದುಬಾರಿ. ಬಾರ್ಸಿಲೋನಾದಲ್ಲಂತೂ ಅದೇ ಕಾರಣಕ್ಕೆ 2028ರ ನವೆಂಬರಿನೊಳಗೆ 10,101 ಪ್ರವಾಸಿ ಫ್ಲ್ಯಾಟುಗಳ ಪರವಾನಗಿಯನ್ನೇ ಮುಗಿಸುತ್ತೇವೆ ಎಂದು ಮೇಯರ್ ಘೋಷಿಸಿದ್ದಾರೆ. ನಮ್ಮಲ್ಲಿ ಕಾರಣ ಕಲ್ಲು. ಮನೆಯವರು ಯಾರು, ವ್ಯಾಪಾರದವರು ಯಾರು ಎಂಬ ಗೆರೆ ಎಲ್ಲಿ ಎಳೆಯಬೇಕು ಎನ್ನುವುದು ಮಾತ್ರ ಎಲ್ಲ ಕಡೆಯೂ ಒಂದೇ ಜಗಳ. ನಗು ಬರುವ ಸಂಗತಿ ಎಂದರೆ, ನ್ಯೂಯಾರ್ಕಿನ ಆ ಕಠಿಣ ಕಾನೂನಿನಲ್ಲೂ ನಮ್ಮ ಮನೆ ಹೆಚ್ಚುಕಡಿಮೆ ಪಾಸು. ಅವ್ವ ಮನೆ ಬಿಟ್ಟು ಎಲ್ಲಿಗೂ ಹೋಗುವುದಿಲ್ಲ.

ಹಾಗಾದರೆ ನಾವು ಕೇಳಬೇಕಾದದ್ದು ಏನು? ನಿಯಮ ತೆಗೆಯಿರಿ ಎಂದಲ್ಲ. ಗ್ರಾಮಠಾಣದೊಳಗಿನ, ಮನೆಯವರೇ ವಾಸವಿರುವ ಹಳೆಯ ಮನೆಗಳಿಗೆ ಬೇರೆ ವರ್ಗ ಮಾಡಿ. ಹೊಸ ಕಟ್ಟಡಕ್ಕೆ ಎಷ್ಟು ಬೇಕಾದರೂ ಬಿಗಿ ಇರಲಿ, ಸೋರುವ ಮಾಳಿಗೆಗೆ ಒಂದು ಪುಟದ ಅರ್ಜಿ ಸಾಕಾಗಲಿ. ಅರ್ಜಿಗೆ ಸಕಾಲದಲ್ಲಿ ಇರುವ ಹಾಗೆ ಸ್ವೀಕೃತಿ ಸಂಖ್ಯೆ, ಗಡುವು ಇರಲಿ. ಇಲ್ಲ ಎನ್ನುವುದಾದರೆ ಕಾರಣ ಬರೆದು ಇಲ್ಲ ಎನ್ನಲಿ. ಬರೆದುಕೊಟ್ಟ 'ಇಲ್ಲ'ದ ಮೇಲೆ ಮೇಲ್ಮನವಿ ಹಾಕಬಹುದು. 'ಸಾಹೇಬರು ಮೀಟಿಂಗಿನಲ್ಲಿದ್ದಾರೆ' ಎಂಬುದರ ಮೇಲೆ ಯಾವ ಮೇಲ್ಮನವಿ? ನೋಟಿಸು, ನಿಯಮ ಎಲ್ಲವೂ ಓದಲು ಬರುವ ಕನ್ನಡದಲ್ಲಿರಲಿ. ನನಗೇ ಅರ್ಥವಾಗದ 'ಸದರಿ', 'ತತ್ಸಂಬಂಧ'ಗಳ ಕನ್ನಡದಲ್ಲಿ ಅಲ್ಲ.

ಕೇಳುವ ಮೊದಲು ನಾವು ಮಾಡಬೇಕಾದದ್ದೂ ಇದೆ. ಇಲ್ಲಿ ನಮ್ಮ ಮನೆಯ ಹುಳುಕನ್ನೇ ಹೇಳಿಬಿಡುತ್ತೇನೆ. ಮೊದಲ ಎರಡು ವರ್ಷ ನಾವು ನೋಂದಣಿಯ ಗೊಡವೆಗೇ ಹೋಗಲಿಲ್ಲ. ಯಾರೂ ಮಾಡಿರಲಿಲ್ಲ, ನಾವೂ ಮಾಡಲಿಲ್ಲ. ಅತಿಥಿಗಳ ಹೆಸರನ್ನು ಅವ್ವ ಹಾಲಿನ ಲೆಕ್ಕದ ಪುಸ್ತಕದ ಹಿಂಬದಿಗೆ ಬರೆಸುತ್ತಿದ್ದಳು. ವಿದೇಶಿಯರು ಇಳಿದುಕೊಂಡರೆ 24 ಗಂಟೆಯೊಳಗೆ ಫಾರಂ-ಸಿ ತುಂಬಬೇಕು ಎಂಬುದು ನನಗೆ ತಿಳಿದದ್ದು ಪೊಲೀಸರು ಬಂದು ಕೇಳಿದ ದಿನ. ಅವರು ಗದರಲಿಲ್ಲ, ಕುಳಿತು ಚಹಾ ಕುಡಿದು ಹೇಗೆ ತುಂಬಬೇಕೆಂದು ತೋರಿಸಿಕೊಟ್ಟು ಹೋದರು. ನಾಚಿಕೆ ಆದದ್ದು ನನಗೆ. ಡಿಗ್ರಿ ಇದ್ದವಳು ಮನೆಯಲ್ಲೇ ಇದ್ದೆ. ಈಗ ಪ್ರತ್ಯೇಕ ರಿಜಿಸ್ಟರ್ ಇದೆ, ಗುರುತಿನ ಚೀಟಿಯ ನಕಲು ಇದೆ, ದರದ ಬೋರ್ಡ್ ಇದೆ. ರಾತ್ರಿ ಕಾಲುವೆ, ಕೆರೆಯ ಕಡೆ ಹೋಗಬೇಡಿ ಎಂದು ಬಾಗಿಲ ಹಿಂದೆ ಮೂರು ಭಾಷೆಯಲ್ಲಿ ಅಂಟಿಸಿದ್ದೇನೆ. ಇಷ್ಟನ್ನು ಎಲ್ಲ ಸಣ್ಣ ಮನೆಗಳೂ ಮಾಡಿದರೆ, ಕಚೇರಿಯ ಮುಂದೆ ನಿಂತಾಗ ತಲೆ ಎತ್ತಿ ಮಾತನಾಡಬಹುದು.

ಈ ಪುಟ ಓದುವ ನಿಮ್ಮಲ್ಲಿ ಅರ್ಧಕ್ಕರ್ಧ ಮಂದಿ ನನ್ನ ಹಾಗೇ ಪರೀಕ್ಷೆಗೆ ಓದುತ್ತಿರುತ್ತೀರಿ. ಪಂಚಾಯತ್ ರಾಜ್ ಕಾಯ್ದೆ ಯಾವ ವರ್ಷದ್ದು ಎಂದರೆ ನಿದ್ದೆಯಲ್ಲೂ 1993 ಎನ್ನುತ್ತೀರಿ. ಮಾಹಿತಿ ಹಕ್ಕು ಕಾಯ್ದೆ 2005, ಅರ್ಜಿಗೆ ಹತ್ತು ರೂಪಾಯಿ, 30 ದಿನದೊಳಗೆ ಉತ್ತರ. ಸಕಾಲ 2011. ಇವೆಲ್ಲ ನನಗೂ ಬಾಯಿಪಾಠ. ಆದರೆ ಮಾಳಿಗೆಯ ಅರ್ಜಿ ಏನಾಯಿತು ಎಂದು ಹತ್ತು ರೂಪಾಯಿ ಕೊಟ್ಟು ಕೇಳಬೇಕೆಂದು ನನಗೆ ಹೊಳೆಯಲೇ ಇಲ್ಲ. ನಾಲ್ಕು ಆಯ್ಕೆಗಳಲ್ಲಿ ಸರಿಯಾದದ್ದಕ್ಕೆ ಗುಂಡು ತುಂಬುವುದಷ್ಟೇ ಕಾಯ್ದೆ ಎಂದುಕೊಂಡಿದ್ದೆ. ಮಾಸ್ಟರ್ ಪ್ಲಾನ್ ಕರಡು ಪ್ರಕಟಿಸಿ ಆಕ್ಷೇಪಣೆ ಕರೆಯುತ್ತಾರೆ, ಅದಕ್ಕೊಂದು ಗಡುವು ಇರುತ್ತದೆ, ಗಡುವಿನೊಳಗೆ ಬರೆದುಕೊಟ್ಟವನ ಮಾತು ದಾಖಲೆಗೆ ಸೇರುತ್ತದೆ. ಗಡುವು ಮುಗಿದ ಮೇಲೆ ಕಟ್ಟೆಯ ಮೇಲೆ ಕುಳಿತು ಬೈದದ್ದು ಗಾಳಿಗೆ ಹೋಗುತ್ತದೆ. ಗಡ್ಡಿಯವರಿಗೆ ಕೊನೆಗೆ ದೊಡ್ಡ ವಕೀಲರು ಸಿಕ್ಕಿದ್ದರು. ಶುರುವಿನಲ್ಲಿ ಅವರಿಗೆ ಬೇಕಾಗಿದ್ದದ್ದು ಅರ್ಜಿ ಓದಿ ಹೇಳುವ ಒಬ್ಬ ಡಿಗ್ರಿ ಹುಡುಗಿಯೋ ಹುಡುಗನೋ ಇರಬಹುದು ಎಂದು ನನಗೆ ಈಗೀಗ ಅನಿಸುತ್ತದೆ.

ಸಭೆಯಾದ ಮೇಲೆ ಚಾಪೆಯ ಮೇಲೆ ಕುಳಿತಿದ್ದವರ ಮನೆಗಳಿಗೆ ಒಂದೊಂದಾಗಿ ಹೋದೆ. ಮೂರು ಕೋಣೆಯೊಳಗಿನ, ಮನೆಯವರೇ ಇರುವ ಮನೆಗಳದ್ದೇ ಒಂದು ಸಂಘ ಮಾಡೋಣ, ವಕೀಲರು ಬೇಡ, ಮೊದಲು ಅರ್ಜಿ ಕೊಡೋಣ ಎಂದೆ. ಕೆಲವರು ನಕ್ಕರು. "ದೊಡ್ಡವ್ರನ್ನ ಬಿಟ್ಟು ನಮ್ಮ ಮಾತು ಯಾರ್ ಕೇಳ್ತಾರ?" ಎಂದು ಒಬ್ಬ ಕಾಕಾ ಕೇಳಿದರು. ಅದು ಸುಳ್ಳು ಪ್ರಶ್ನೆಯಲ್ಲ. ಮುಂದಿನ ಸಾಲಿನವರಿಗೆ ಕಚೇರಿಯಲ್ಲಿ ಕುರ್ಚಿ ಸಿಗುತ್ತದೆ, ನಮಗೆ ಕಿಟಕಿ ಸಿಗುತ್ತದೆ. ಇದಕ್ಕೆ ನನ್ನ ಹತ್ತಿರ ಪೂರ್ತಿ ಉತ್ತರ ಇರಲಿಲ್ಲ. ಕಿಟಕಿಯಲ್ಲೇ ಸ್ವೀಕೃತಿ ಪಡೆಯೋಣ ಕಾಕಾ, ಎಂದೆ. ಬಾಳೆನಾರಿನ ಬುಟ್ಟಿ ಹೆಣೆಯುವ ಒಬ್ಬ ಅಕ್ಕ ಮಾತ್ರ ಎರಡನೇ ಮಾತಿಲ್ಲದೆ ಪೆನ್ನು ಕೇಳಿದರು. ಅವರ ಮನೆಯಲ್ಲಿರುವುದು ಒಂದೇ ಕೋಣೆ.

ರಾಜ್ಯದ 1960ರ ಸಂಘಗಳ ನೋಂದಣಿ ಕಾಯ್ದೆಯ ಪ್ರಕಾರ ಒಂದು ಸಂಘಕ್ಕೆ ಕನಿಷ್ಠ ಏಳು ಮಂದಿ ಬೇಕು. ಆರು ಸಹಿ ಆಗಿವೆ. ನಮ್ಮ ಮನೆ ಅಪ್ಪನ ಹೆಸರಿನಲ್ಲಿದೆ, ಹಾಗಾಗಿ ನನ್ನ ಸಹಿ ನಡೆಯುವುದಿಲ್ಲ, ಅವರದೇ ಬೇಕು. ಮಾಳಿಗೆ ಸೋರಿದ ಮರುವರ್ಷ ಬಚ್ಚಲುಮನೆ ಕಟ್ಟಿಸಲು ಅಪ್ಪ 60,000 ರೂಪಾಯಿ ಸಾಲ ತಂದದ್ದು ಅಂದು ಮುಂದಿನ ಸಾಲಿನಿಂದ ಎದ್ದು ಮಾತಾಡಿದವರ ಹತ್ತಿರವೇ. ಇನ್ನೂ 22,000 ತೀರಬೇಕಿದೆ. ಈ ಸೀಸನ್ನಿನ ಅಡುಗೆ ಕೆಲಸಕ್ಕೂ ಅವರೇ ಕರೆದಿದ್ದಾರೆ. ಅವರು ಕೆಟ್ಟವರಲ್ಲ, ಬಡ್ಡಿಯನ್ನೂ ಕೇಳಿಲ್ಲ. ಅದಕ್ಕೇ ಕಷ್ಟ.

ಸಹಿಯ ಪುಸ್ತಕ ಟಿ.ವಿ. ಪಕ್ಕದ ಗೂಡಿನಲ್ಲಿ, ಪೆನ್ನಿನ ಸಮೇತ ಇಟ್ಟಿದ್ದೇನೆ. ಅಪ್ಪ ದಿನಾ ರಾತ್ರಿ ಅದನ್ನು ತೆಗೆದು ಆರು ಹೆಸರುಗಳನ್ನು ಓದಿ ಮತ್ತೆ ಅಲ್ಲೇ ಇಡುತ್ತಾರೆ. ನಿನ್ನೆ ಮಾತ್ರ ಓದಿದ ಮೇಲೆ, "ಸೀಸನ್ ಯಾವತ್ತಿಂದ ಶುರುವವ್ವ ಈ ಸಲ?" ಎಂದು ಕೇಳಿದರು. ದಸರಾ ರಜೆಯಿಂದ ಎಂದೆ.